ಎರಡು ಸಾಲು ಕಡಿಮೆ

ಕಳೆದ ತಿಂಗಳು ವಡೋದರೆಯ ಮಂಜಲ್‌ಪುರದಲ್ಲಿ ನಮ್ಮ ಕನ್ನಡ ಸಂಘದವರು ಇನ್‌ಸ್ಪೆಕ್ಟರ್ ಸಾಹೇಬರಿಗೆ ಶ್ರದ್ಧಾಂಜಲಿ ಸಭೆ ಏರ್ಪಡಿಸಿದ್ದರು. ಅಧ್ಯಕ್ಷರು ಮೈಕು ಹಿಡಿದು, "ಅರಬ್ಬಿ ಭಾಷೆಯ ಮಹಾನ್ ವಿದ್ವಾಂಸರೊಬ್ಬರನ್ನು ಕಳೆದುಕೊಂಡು ಸಂಘ ಬಡವಾಗಿದೆ" ಎಂದರು. ನಗು ತಡೆಯಲು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದವರು ಅದನ್ನು ದುಃಖವೆಂದು ತಿಳಿದು ಬೆನ್ನು ಸವರಿದರು. ಸತ್ತವರಿಗೆ ಅರಬ್ಬಿಯ ಒಂದಕ್ಷರವೂ ಬರುತ್ತಿರಲಿಲ್ಲ. ಅವರಿಗೆ ಬರುತ್ತಿದ್ದುದು ಎಣಿಕೆ. ಬದುಕಿದ್ದು ಆ ಭಾಷಣ ಕೇಳಿದ್ದರೆ ಎದ್ದು ನಿಂತು, "ಮಹಾನ್ ಅಂತ ಅಂದೀರಲ್ಲ, ಅಳತಿ ಎಲ್ಲೈತ್ರೀ?" ಎಂದು ಕೇಳುತ್ತಿದ್ದರು.

ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು ಅವರು. ಮೂಲ ಗದಗದ ಕಡೆ. ಕಾಲೊನಿಯಲ್ಲಿ ಎಲ್ಲರೂ ಇನ್‌ಸ್ಪೆಕ್ಟರ್ ಸಾಹೇಬರು ಎಂದೇ ಕರೆಯುತ್ತಿದ್ದುದರಿಂದ ಹೊಸಬರು ಪೊಲೀಸರೆಂದುಕೊಂಡು ನಮಸ್ಕಾರ ಹೊಡೆಯುತ್ತಿದ್ದರು. ಕಾರ್ಖಾನೆಗೆ ಬಂದ ಪ್ರತಿ ಬೋಲ್ಟು, ವಾಷರಿಗೂ ಅವರು ಒಂದು ಚೀಟಿ ಅಂಟಿಸಬೇಕಿತ್ತು: ಹಸಿರಾದರೆ ಪಾಸು, ಕೆಂಪಾದರೆ ವಾಪಸು, ಹಳದಿಯಾದರೆ ಹೋಲ್ಡ್. ನಿವೃತ್ತರಾದ ದಿನ ಕಾರ್ಖಾನೆಯವರು ಶಾಲು, ಹಣ್ಣಿನ ಬುಟ್ಟಿ ಕೊಟ್ಟರು. ಇವರು ತಾವಾಗಿಯೇ ಕೇಳಿ ತಂದದ್ದು ಉಳಿದಿದ್ದ ಚೀಟಿಗಳ ಕಟ್ಟು. ಆಮೇಲೆ ಜಗತ್ತಿಗೆ ಅಂಟಿಸುತ್ತಾ ಹೋದರು. ಸಂಘದ ರಾಜ್ಯೋತ್ಸವದ ಪುಳಿಯೋಗರೆಗೆ ಹಳದಿ. ನನ್ನ ಸ್ವಾಗತ ಭಾಷಣಕ್ಕೆ ಹಳದಿ. ನನ್ನ ಹದಿನೈದು ವರ್ಷದ ಪರಿಚಯದಲ್ಲಿ ಬಹುಕಾಲ ಹಸಿರು ಚೀಟಿ ಪಡೆದದ್ದು ಅವರ ಹೆಂಡತಿ ಮಾಡುತ್ತಿದ್ದ ಜೋಳದ ರೊಟ್ಟಿ ಮಾತ್ರ, ಅದೂ ಅಂಚು ಸಮವಾಗಿದ್ದ ದಿನ.

ನಾನು ವಿಮಾ ಕಂಪನಿಯ ನೌಕರಿಯಲ್ಲಿ ತುಮಕೂರಿನಿಂದ ಇಲ್ಲಿಗೆ ವರ್ಗವಾಗಿ ಬಂದವಳು. ಎರಡೇ ವರ್ಷ ಎಂದುಕೊಂಡು ಬಂದು, ಸಂಘದ ಸ್ಮರಣ ಸಂಚಿಕೆಯ ಸಂಪಾದಕಿಯಾಗುವಷ್ಟು ಹಳಬಳಾದೆ. ಹೊರನಾಡಿನ ಕನ್ನಡ ಸಂಘದ ಸಂಪಾದಕತ್ವ ಎಂದರೆ ಏನೆಂದು ಬಲ್ಲವರು ಬಲ್ಲರು. ಅರ್ಧ ಜಾಹೀರಾತು, ಕಾಲು ಭಾಗ ಪದಾಧಿಕಾರಿಗಳ ಫೋಟೋ, ಉಳಿದ ಜಾಗಕ್ಕೆ ಸಾಹಿತ್ಯ. ಆ ಸಾಹಿತ್ಯಕ್ಕಾಗಿ ನಾನು ಮನೆಮನೆ ತಿರುಗುತ್ತಿದ್ದೆ. ಹಾಗೆ ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೂ ಹೋದೆ.

"ಕುಂದ್ರವಾ ತಂಗಿ. ಇವ್ರು ಅರಬಸ್ತಾನಕ್ಕ ಹೋಗ್ಯಾರ. ಚಾದ ಹೊತ್ತಿಗೆ ಬರ್ತಾರ" ಎಂದರು ಅವರ ಹೆಂಡತಿ. ನಾವೆಲ್ಲ ಆಕೆಯನ್ನು ಕಾಕೂ ಎನ್ನುತ್ತಿದ್ದೆವು. ಸಾಹೇಬರು ಎರಡು ಮಾರು ದೂರದಲ್ಲೇ, ಊಟದ ಮೇಜಿನ ಮುಂದೆ ಸ್ಟೀಲ್ ಸ್ಕೇಲು ಹಿಡಿದು ಕುಳಿತಿದ್ದರು.

ಅರಬಸ್ತಾನದ ಪ್ರವಾಸ ಶುರುವಾದದ್ದು ಅಹಮದಾಬಾದಿನಲ್ಲಿ. ಮಗಳು ಅಲ್ಲಿ ನವರಂಗಪುರದಲ್ಲಿ ಕೆಲಸಕ್ಕಿದ್ದಳು. ಅವಳನ್ನು ನೋಡಲು ಹೋದವರು ನದಿ ದಂಡೆಯ ಭಾನುವಾರದ ಗುಜರಿ ಸಂತೆಗೆ ಹಳೆಯ ವರ್ನಿಯರ್ ಕ್ಯಾಲಿಪರ್ ಹುಡುಕಿಕೊಂಡು ಹೋದರು. ಕ್ಯಾಲಿಪರ್ ಸಿಗಲಿಲ್ಲ, ರಟ್ಟು ಕಿತ್ತ ಒಂದು ದಪ್ಪ ಪುಸ್ತಕ ಸಿಕ್ಕಿತು. ಸಾವಿರ ವರ್ಷಕ್ಕೂ ಹಳೆಯ ಅರಬ್ಬಿ ಕವಿತೆಗಳು, ಎಡಪುಟದಲ್ಲಿ ಅರಬ್ಬಿ, ಬಲಪುಟದಲ್ಲಿ ಯಾವುದೋ ಪರದೇಶದ ಪ್ರೊಫೆಸರರ ಇಂಗ್ಲಿಷ್. ಕವಿತೆ ಎಂದರೆ ಕನ್ನಡದ್ದನ್ನೇ ದೂರವಿಡುತ್ತಿದ್ದ ಮನುಷ್ಯ ಅದನ್ನೇಕೆ ತಂದರು ಎಂದು ಕೇಳಿದೆ.

"ಪುಸ್ತಕದಾಗ ಡ್ರಾಯಿಂಗೂ ಐತಿ, ಮಾಲೂ ಐತಿ, ಎದುರಾ ಬದುರಾ. ತಾಳೆ ನೋಡಬಹುದಲ್ಲವಾ" ಎಂದರು. ಎಡಗಡೆ ಮೂಲ, ಅದು ಡ್ರಾಯಿಂಗು. ಬಲಗಡೆ ಅನುವಾದ, ಅದು ತಯಾರಾದ ಮಾಲು. ಡ್ರಾಯಿಂಗಿನ ಒಂದು ಗೆರೆಯೂ ತಿಳಿಯದೆ ಮಾಲನ್ನು ಪರೀಕ್ಷಿಸುವ ಧೈರ್ಯ ನಮ್ಮಲ್ಲಿ ವಿಮರ್ಶಕರಿಗೆ ಮಾತ್ರ ಇದೆ ಎಂದುಕೊಂಡಿದ್ದೆ. ಕ್ವಾಲಿಟಿ ಇನ್‌ಸ್ಪೆಕ್ಟರಿಗೂ ಇತ್ತು.

ಅವರು ಕವಿತೆಗಳನ್ನು ಕನ್ನಡಕ್ಕೆ ಇಳಿಸತೊಡಗಿದ್ದರು. ಎರಡು ವರ್ಷದಲ್ಲಿ ಮೂರು ನೋಟ್‌ಬುಕ್ಕು ತುಂಬಿತ್ತು. ನಾನು ಬಾಯಿ ಚಪ್ಪರಿಸಿಕೊಂಡು ತೆರೆದರೆ ಪುಟಪುಟಕ್ಕೂ ಹಳದಿ ಚೀಟಿ. ಒಂದೂ ಪಾಸಾಗಿರಲಿಲ್ಲ. ಒಂದು ಕವಿತೆಯ ಬೇರೊಂದು ಅನುವಾದವನ್ನು ಎಲ್ಲಿಂದಲೋ ತರಿಸಿದ್ದರಂತೆ. ಇದರಲ್ಲಿ ಒಂಟೆ ದುಃಖದಿಂದ ನರಳಿದರೆ ಅದರಲ್ಲಿ ಸುಮ್ಮನೆ ಮೇಯುತ್ತಿತ್ತು. "ಎರಡು ಗೇಜು ಎರಡು ರೀಡಿಂಗ್ ಕೊಟ್ರ, ಒಂದರ ಕೆಟ್ಟಿರಬೇಕು. ಯಾವದು ಅಂತ ಗೊತ್ತಾಗೂತನಕಾ ಹೋಲ್ಡ್" ಎಂದರು.

"ಒಂದಾದರೂ ಕೊಡಿ ಸಾರ್. ನಮ್ಮ ಸಂಚಿಕೆ ಓದೋರು ಒಂಟೆ ಮನಸ್ಸಲ್ಲಿ ಏನಿತ್ತು ಅಂತ ಕೇಳಲ್ಲ" ಎಂದೆ.

"ಓದಾವ್ರು ಕೇಳೂದಿಲ್ಲಂತ ಮಾಡಿದವ ಬಿಡಬೇಕೇನು? ಟ್ರಾನ್ಸ್‌ಫಾರ್ಮರ್ ಒಳಗಿನ ನಟ್ಟು ಯಾರು ನೋಡ್ತಾರವಾ?"

ಕಾಕೂ ಚಹಾ ತಂದಿಟ್ಟು, "ನೋಡಿದಿಲ್ಲೋ. ಮೂವತ್ತು ವರ್ಷ ಬಾಳೇವು ಮಾಡೇನಿ, ನನಗ ಇನ್ನೂ ಹಸರ ಚೀಟಿ ಹಚ್ಚಿಲ್ಲ" ಎಂದರು. ಸಾಹೇಬರು ತಲೆ ಎತ್ತದೆ, "ಗಂಟಿನ ಕಂಪ್ಲೇಂಟ್ ಪೆಂಡಿಂಗ್ ಐತಿ" ಎಂದರು.

ಗಂಟಿನ ದೂರು ನಿಜವಾದದ್ದೇ. ಕಾಕೂ ಏನನ್ನು ಕಟ್ಟಿದರೂ, ಅದು ಹಾಲಿನ ಪ್ಯಾಕೆಟ್ಟಿರಲಿ, ಊರಿನಿಂದ ಬಂದ ಜೋಳದ ಹಿಟ್ಟಿನ ಚೀಲವಿರಲಿ, ಆ ಗಂಟನ್ನು ಬಿಚ್ಚಲು ಇನ್ನೊಬ್ಬರಿಂದ ಆಗುತ್ತಿರಲಿಲ್ಲ. ಒಮ್ಮೆ ನನಗೆ ಕೊಟ್ಟ ಚಟ್ನಿಪುಡಿಯ ಪೊಟ್ಟಣವನ್ನು ನಾನು ಹಲ್ಲಿನಿಂದ ಕಚ್ಚಿ ಬಿಡಿಸಿದ್ದೆ. "ಟಾರ್ಕ್ ಜಾಸ್ತಿ ಆಗೈತಿ ಇಕಿಗೆ" ಎನ್ನುತ್ತಿದ್ದರು ಸಾಹೇಬರು, ಬೋಲ್ಟು ಬಿಗಿಯುವ ಬಲದ ಲೆಕ್ಕದಲ್ಲಿ.

ಅಂದು ಅವರು ಸ್ಕೇಲು ಇಟ್ಟುಕೊಂಡು ನೋಡುತ್ತಿದ್ದ ಕವಿತೆಯೇ ಈ ಬರಹಕ್ಕೆ ಕಾರಣ. ಕವಿಯ ಹೆಸರು ತಿಳಿಯದು ಎಂದು ಪುಸ್ತಕವೇ ಹೇಳುತ್ತಿತ್ತು. ಹೆಂಡತಿ ಸತ್ತಿದ್ದಾಳೆ, ಕುಲದವರು ಬಿಡಾರ ಕಿತ್ತು ನೀರಿರುವ ಕಡೆಗೆ ಹೊರಟಿದ್ದಾರೆ, ಗಂಡ ಮಾತ್ರ ಹೊರಡಲಾರದೆ ನಿಂತಿದ್ದಾನೆ. ಇಂಗ್ಲಿಷಿನಲ್ಲಿ ಹದಿನಾಲ್ಕು ಸಾಲು. ಕೊನೆಯ ಸಾಲಿನಲ್ಲಿ ಅವನು ಆಕಾಶ ನೋಡುತ್ತಾನೆ, ನಕ್ಷತ್ರಗಳು ಅವನನ್ನು ಬಿಟ್ಟು ಮುಂದೆ ಸಾಗುತ್ತವೆ. ನಾನು ಆ ಸಾಲನ್ನು ಎರಡು ಸಲ ಓದಿದೆ. ಸಾಹೇಬರು ಸ್ಕೇಲಿನಿಂದ ಎರಡೂ ಪುಟ ತೋರಿಸಿದರು.

"ಎಣಿಕಿ ಸರಿ ಇಲ್ಲ ತಂಗಿ. ಆ ಕಡೆ ಹದಿನಾರು ಅದಾವ, ಈ ಕಡೆ ಹದಿನಾಲ್ಕು."

ಎಣಿಸಿದೆ. ಅರಬ್ಬಿ ಹದಿನಾರು ಸಾಲು. ಎರಡು ಸಾಲನ್ನು ಕೂಡಿಸಿ ಒಂದು ಮಾಡಿರಬಹುದಲ್ಲ ಎಂದೆ. ಆ ಅನುಮಾನ ತಮಗೂ ಬಂದು ಪುಸ್ತಕದ ಬೇರೆ ಇಪ್ಪತ್ತು ಕವಿತೆಗಳನ್ನು ಸ್ಯಾಂಪಲ್ ತೆಗೆದು ಎಣಿಸಿದ್ದಾಗಿ ಹೇಳಿದರು. ಎಲ್ಲೂ ಒಂದಕ್ಕೊಂದು ತಪ್ಪಿರಲಿಲ್ಲ. ಇಲ್ಲಿ ಮಾತ್ರ ಕೊನೆಯ ಎರಡು ಸಾಲಿನ ಎದುರು ಖಾಲಿ ಕಾಗದ. ಅಡಿಟಿಪ್ಪಣಿಯಲ್ಲಿ ಪ್ರೊಫೆಸರರು, ಮುಂದಿನ ಸಾಲುಗಳು ಮನೆವಾರ್ತೆಯ ವಿಷಯವಾದ್ದರಿಂದ ಕವಿತೆಯ ಎತ್ತರಕ್ಕೆ ಹೊಂದುವುದಿಲ್ಲವೆಂದು ಬಿಟ್ಟಿದ್ದೇನೆ ಎಂದು ಸಣ್ಣಕ್ಷರದಲ್ಲಿ ಒಪ್ಪಿಕೊಂಡಿದ್ದರು.

"ಕವೀ ಕೊಟ್ಟ ಮಾಲಿನಾಗ ಎರಡು ಪೀಸ್ ಬಿಸಾಕಾಕ ಇವ ಯಾರು?" ಎಂದು ಸಾಹೇಬರು ಸ್ಕೇಲಿನಿಂದ ಮೇಜು ಕುಟ್ಟಿದರು. ನಾನೂ ಧ್ವನಿಗೂಡಿಸಿದೆ. ಮುಂದಿನ ಮೂರು ವರ್ಷ ನಾವಿಬ್ಬರೂ ಸೇರಿದಾಗಲೆಲ್ಲ ಆ ಪ್ರೊಫೆಸರರನ್ನು ಬೈಯುವುದು ಒಂದು ಕಾರ್ಯಕ್ರಮವಾಯಿತು. ಸಾಹಿತ್ಯದ ಬಗ್ಗೆ ನನಗೆ ಅಷ್ಟೊಂದು ನಿಷ್ಠೆ ಇದೆಯೆಂದು ನನಗೇ ತಿಳಿದಿರಲಿಲ್ಲ.

ಸಾಹೇಬರು ಪ್ರಕಾಶಕರಿಗೆ ಪತ್ರ ಬರೆದರು. ಅನುವಾದಕರು ತೀರಿಕೊಂಡು ಬಹಳ ವರ್ಷಗಳಾದವೆಂದು ಉತ್ತರ ಬಂತು. "ವಾರಂಟಿ ಮುಗಿದೈತಿ" ಎಂದು ಫೈಲು ಮಾಡಿದರು. ಮಗಳು ಅನುವಾದ ಮಾಡಿಸಲು ಆ ಪುಟಕ್ಕೆ ಫೋನಿನ ಕ್ಯಾಮೆರಾ ಹಿಡಿದಳು. ಸರಕಾರವು ಚೀಲದ ಬಾಯಿಯನ್ನು ಮದುವೆಯಾಯಿತು ಎಂದು ಫೋನು ಹೇಳಿತು. ಅದಕ್ಕೆ ಕೆಂಪು ಚೀಟಿ ಬಿತ್ತು.

ಅರಬ್ಬಿ ಬಲ್ಲವರು ಸಾಹೇಬರಿಗೆ ಒಬ್ಬರು ಗೊತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಸೂರತ್ತಿನ ಒಬ್ಬ ಬೋಹ್ರಾ ಮುಸ್ಲಿಂ ಶೇಠ್. ಸಣ್ಣ ವಯಸ್ಸಿನಲ್ಲಿ ಅರಬ್ಬಿಯನ್ನು ಶಾಸ್ತ್ರೋಕ್ತವಾಗಿ ಓದಿ, ಆಮೇಲೆ ಸ್ಪ್ರಿಂಗ್ ವಾಷರ್ ವ್ಯಾಪಾರಕ್ಕಿಳಿದವರು. ಆ ವಾಷರುಗಳು ಬರುತ್ತಿದ್ದುದು ಮಕರಪುರಕ್ಕೆ, ಸಾಹೇಬರ ಮೇಜಿಗೆ. ಇಪ್ಪತ್ತು ವರ್ಷ ಸಾಹೇಬರು ಶೇಠರ ಲಾಟುಗಳಿಗೆ ಕೆಂಪು ಚೀಟಿ ಹಚ್ಚಿ ವಾಪಸು ಕಳಿಸಿದ್ದರು. ಶೇಠ್ ಸ್ವತಃ ಬಂದು ಕೈಮುಗಿದರೂ, "ಸ್ಯಾಂಪಲ್ ಬಿಟ್ಟು ಹೋಗ್ರಿ, ಹದಿನೈದು ದಿನಕ್ಕ ರಿಪೋರ್ಟ್ ಕಳಸ್ತೇವಿ" ಎಂದು ಕುರ್ಚಿಯನ್ನೂ ತೋರಿಸದೆ ಅಟ್ಟಿದ್ದರು. ಈಗ ಅವರ ಬಾಗಿಲಿಗೆ ಹೋಗಿ ನಿಲ್ಲುವುದೆಂದರೆ?

"ಹೋಗ್ರಿ, ಏನಾಗ್ತೈತಿ? ಭಾಳ ಅಂದ್ರ ನಿಮಗೂ ಒಂದು ಕೆಂಪ ಚೀಟಿ ಹಚ್ತಾನ" ಎನ್ನುತ್ತಿದ್ದರು ಕಾಕೂ. ಸಾಹೇಬರು ಹೋಗಲಿಲ್ಲ. ಕವಿತೆ ಹಳದಿ ಚೀಟಿಯಲ್ಲೇ ಉಳಿಯಿತು.

ಆಮೇಲೆ ಕಾಕೂಗೆ ಜ್ವರ ಬಂತು. ಸಾದಾ ಜ್ವರ ಎಂದರು, ಹತ್ತು ದಿನ ಆಸ್ಪತ್ರೆ ಎಂದರು. ಹನ್ನೊಂದನೆಯ ದಿನ ಆಕೆ ಇರಲಿಲ್ಲ. ಇದನ್ನು ವ್ಯಂಗ್ಯವಾಗಿ ಹೇಳುವ ವಿಧಾನ ನನಗೆ ಗೊತ್ತಿಲ್ಲ.

ಹದಿನಾಲ್ಕು ದಿನಗಳ ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಸಾಹೇಬರು ಫೋನು ಮಾಡಿದರು. "ತಂಗೀ, ಸೂರತ್ತಿಗೆ ಹೋಗೂಣು ಬಾರವಾ. ಒಬ್ಬವ ಹೋದ್ರ ನನ್ನ ಕಾಲು ಅರ್ಧ ದಾರಿಯೊಳಗ ಹೊಳ್ಳತಾವ." ರಜೆ ಹಾಕಿ ಬೆಳಗಿನ ರೈಲಿಗೆ ಹೊರಟೆ.

ಶೇಠರಿಗೆ ಎಪ್ಪತ್ತೈದು ದಾಟಿತ್ತು. ಬಿಳಿ ಗಡ್ಡ, ಚಿನ್ನದ ದಾರದಂಚಿನ ಬಿಳಿ ಟೋಪಿ, ಅಂಗಡಿಯ ಗಾದಿಯ ಮೇಲೆ ಒರಗಿ ಕುಳಿತಿದ್ದರು. ಸಾಹೇಬರನ್ನು ಕಂಡದ್ದೇ ಗುರುತು ಹಿಡಿದರು. ಅಷ್ಟು ವಾಪಸಾತಿ ಕಂಡವರು ಮರೆಯುವುದುಂಟೆ? ಸಾಹೇಬರು ಪುಸ್ತಕವನ್ನು ಎರಡೂ ಕೈಯಲ್ಲಿ ಚಾಚಿ ತಮ್ಮ ಹರಕು ಹಿಂದಿಯಲ್ಲಿ ವಿಷಯ ಹೇಳಿದರು. ಶೇಠರು ಕನ್ನಡಕ ಹಾಕಿಕೊಂಡು, ಪುಟವನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಅಂಚು ತಟ್ಟಿ ನೋಡಿದರು. ಆಮೇಲೆ ಗಂಭೀರವಾಗಿ, "ಸಾಹೇಬ್, ಸ್ಯಾಂಪಲ್ ಬಿಟ್ಟು ಹೋಗಿ. ಹದಿನೈದು ದಿನದಲ್ಲಿ ರಿಪೋರ್ಟ್ ಕಳಿಸುತ್ತೇವೆ" ಎಂದರು.

ಸಾಹೇಬರು ತಲೆ ಬಾಗಿಸಿ, "ಸರಿ" ಎಂದು ಹೊರಡಲು ತಿರುಗಿದರು. ಶೇಠರಿಗೆ ಅದು ನಿರೀಕ್ಷೆ ಇರಲಿಲ್ಲ. ಇಪ್ಪತ್ತು ವರ್ಷ ಕಾದು ಕೊಟ್ಟ ಏಟು ಹೀಗೆ ಸದ್ದಿಲ್ಲದೆ ಬಿದ್ದರೆ ಯಾರಿಗೆ ಸುಖ? ಗಾದಿಯಿಂದ ಎದ್ದು ಬಂದು ಕೈ ಹಿಡಿದು ಕೂರಿಸಿದರು. "ಬೈಠೋ, ಬೈಠೋ. ಮನೆಯಲ್ಲಿ ಎಲ್ಲ ಕ್ಷೇಮವೆ?" ಎಂದು ಕೇಳಿದರು. ಸಾಹೇಬರು ಹೇಳಿದರು. ಶೇಠರು ಪುಸ್ತಕವನ್ನು ಮತ್ತೆ ಬೆಳಕಿಗೆ ಹಿಡಿದರು.

ಆಮೇಲೆ ಆ ಎರಡು ಸಾಲನ್ನು ಅರಬ್ಬಿಯಲ್ಲಿ ಗಟ್ಟಿಯಾಗಿ ಓದಿದರು, ಮತ್ತೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಸಾಹೇಬರು ಅದನ್ನು ಅಲ್ಲೇ ಕನ್ನಡದಲ್ಲಿ ಬರೆದುಕೊಂಡದ್ದು ಹೀಗೆ:

ಹಿಟ್ಟಿನ ಚೀಲದ ಬಾಯಿಗೆ ಅವಳು ಹಾಕಿದ ಗಂಟು ಹಾಗೇ ಇದೆ;
ಹಸಿವಾದಾಗ ನಾನು ಚೀಲದ ತಳ ಕೊಯ್ದೆ, ಗಂಟು ಬಿಚ್ಚಲಿಲ್ಲ.

"ಇನ್ನೊಮ್ಮೆ ಓದ್ರಿ" ಎಂದರು ಸಾಹೇಬರು, ಹಿಂದಿ ಮರೆತು ಕನ್ನಡದಲ್ಲಿ. ಶೇಠರು ಅರ್ಥವಾದವರಂತೆ ಇನ್ನೊಮ್ಮೆ ಓದಿದರು.

ರೈಲು ಭರೂಚ್ ದಾಟುವ ತನಕ ಸಾಹೇಬರು ಕಿಟಕಿಯ ಆಚೆ ನೋಡುತ್ತಿದ್ದರು. ಆಮೇಲೆ, "ತಳಾ ಕೊಯ್ದ್ರ ಹಿಟ್ಟು ಚೆಲ್ಲತೈತಿ. ಮೆಥಡ್ ಸರಿ ಇಲ್ಲ ಅವಂದು" ಎಂದು ಕರವಸ್ತ್ರದಲ್ಲಿ ಕನ್ನಡಕ ಒರೆಸಿಕೊಂಡರು.

ವಾರದ ನಂತರ ಅವರು ನನ್ನ ಮನೆಗೆ ಬಂದು ಒಂದು ಹಾಳೆ ಕೊಟ್ಟರು. ಹದಿನಾರು ಸಾಲು, ಮುತ್ತಿನಂಥ ಅಕ್ಷರ, ಮೇಲೆ ಹಸಿರು ಚೀಟಿ. "ಇಕೀ ಹೆಸರಲೇ ಹಾಕವಾ ಸಂಚಿಕಿಯೊಳಗ" ಎಂದರು. ಮೂರು ವರ್ಷ ನಾನು ಬೇಡಿದ್ದು ಕೊನೆಗೂ ಕೈಗೆ ಬಂದಿತ್ತು.

ಈಗ ನನ್ನ ಸಾಧನೆ. ಸಂಚಿಕೆ ಅಚ್ಚಿಗೆ ಹೋಗುವ ದಿನ ಪ್ರೆಸ್ಸಿನಿಂದ ಫೋನು ಬಂತು. ಆ ಪುಟದ ಕೆಳಗೆ ಒಬ್ಬ ದಂತವೈದ್ಯರ ಜಾಹೀರಾತು ಬರಬೇಕು, ಕವಿತೆ ಎರಡು ಸಾಲು ಉದ್ದವಾಗುತ್ತಿದೆ, ಏನು ಮಾಡಲಿ ಎಂದರು. ನಾನು ಆಫೀಸಿನಲ್ಲಿ ಮೀಟಿಂಗಿನ ನಡುವೆ ಇದ್ದೆ. ಕಾಕೂ ಹೆಸರಿನ ಅರ್ಪಣೆಯ ಸಾಲನ್ನು ತೆಗೆಯುವಂತಿಲ್ಲ. ಜಾಹೀರಾತಿನಲ್ಲಿ ವೈದ್ಯರ ಹಲ್ಲಿನ ಚಿತ್ರ ಕುಗ್ಗಿಸುವಂತಿಲ್ಲ. ನಕ್ಷತ್ರದ ಸಾಲಿಗೇ ಕವಿತೆ ಚೆನ್ನಾಗಿ ಮುಗಿಯುತ್ತದಲ್ಲ, ಒಳ್ಳೆಯ ಎತ್ತರದಲ್ಲಿ? "ಕೊನೇ ಎರಡು ತೆಗೆದುಬಿಡಿ" ಎಂದೆ. ಮೂರು ವರ್ಷ ಯಾರನ್ನು ಬೈದಿದ್ದೆನೋ ಆ ಪ್ರೊಫೆಸರರ ಕೆಲಸವನ್ನು ನಾನು ಅರ್ಧ ನಿಮಿಷದಲ್ಲಿ ಮಾಡಿ ಮುಗಿಸಿದೆ. ಅವರು ಕೊನೆಯಪಕ್ಷ ಅಡಿಟಿಪ್ಪಣಿ ಬರೆದಿದ್ದರು.

ಸಂಚಿಕೆ ಬಿಡುಗಡೆಯಾದ ಮರುದಿನ ಸಾಹೇಬರು ಬಂದರು. ಕೈಯಲ್ಲಿ ಸಂಚಿಕೆ, ಜೇಬಿನಲ್ಲಿ ಸ್ಟೀಲ್ ಸ್ಕೇಲು. ಬೈಯಲಿಲ್ಲ. ಬೈದಿದ್ದರೆ ನಾನು ಜಾಹೀರಾತಿನ ಕಷ್ಟಸುಖ ಹೇಳಿ ಜಗಳವಾಡಿ ಹಗುರಾಗುತ್ತಿದ್ದೆ.

"ಎಣಿಕಿ ಸರಿ ಇಲ್ಲ ತಂಗಿ" ಎಂದರು.

"ತಪ್ಪಾಯ್ತು ಸಾರ್. ಮುಂದಿನ ವರ್ಷ ತಿದ್ದುಪಡಿ ಹಾಕ್ತೀನಿ."

"ಮುಂದಿನ ವರ್ಷದ ಮಾಲು ಬ್ಯಾರೆ. ಗಿರಾಕಿ ಮನಿಗೆ ಹೋದ ಮಾಲಿನಾಗ ಕೊರತಿ ಬಂದ್ರ, ಅಲ್ಲೇ ಹೋಗಿ ರಿವರ್ಕ್ ಮಾಡಬೇಕು. ಎಷ್ಟು ಕಾಪಿ ಹಾಕಿಸೀರಿ?"

ಇನ್ನೂರು ಎಂದೆ. ಸದಸ್ಯರ ಪಟ್ಟಿ ಇಸಿದುಕೊಂಡು ಹೋದರು. ಮಾರನೆಯ ದಿನದಿಂದ ಮನೆಮನೆಗೆ ಹೋಗಿ, ಸಂಚಿಕೆ ಹೊರಗೆ ತರಿಸಿ, ಹಲ್ಲಿನ ಚಿತ್ರದ ಮೇಲೆ ಕಪ್ಪು ಶಾಯಿಯಲ್ಲಿ ಎರಡು ಸಾಲು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮತ್ತು ತಾರೀಖು ಹಾಕತೊಡಗಿದರು. ಮಂಜಲ್‌ಪುರ ಮುಗಿಸಿ, ಮಕರಪುರ ಮುಗಿಸಿ, ಬಸ್ಸು ಹತ್ತಿ ಅಹಮದಾಬಾದಿನ ಸದಸ್ಯರ ಮನೆಗೂ ಹೋದರು. ಎಷ್ಟೋ ಮನೆಗಳಲ್ಲಿ ಸಂಚಿಕೆ ಉಪ್ಪಿನಕಾಯಿ ಭರಣಿಯ ಅಡಿ ಸೇರಿತ್ತು. ಮಕ್ಕಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ; ಹಾಗಾಗಿ ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಬ್ಯಾಂಕಿನವರೊಬ್ಬರು ನನಗೆ ಫೋನು ಮಾಡಿ, "ಮೇಡಂ, ಯಾರೋ ಹಿರಿಯರು ಬಂದು ಹಿಟ್ಟಿನ ಚೀಲದ ವಿಷಯ ಹೇಳಿ, ಚಹಾನೂ ಕುಡೀದೆ ಹೋದ್ರು. ನಮ್ಮನೆಯವಳು ಆಗಿಂದ ಅಳ್ತಾ ಇದಾಳೆ, ಏನ್ ಮಾಡ್ಲಿ?" ಎಂದರು. ನಮ್ಮ ಸಂಚಿಕೆಯ ಇಪ್ಪತ್ತು ವರ್ಷಗಳ ಇತಿಹಾಸದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ತಲುಪಿದ ಸಾಹಿತ್ಯವೆಂದರೆ ಆ ಎರಡು ಸಾಲು ಮಾತ್ರ, ಸಂಪಾದಕಿ ಕತ್ತರಿಸಿದವು.

ನನ್ನ ಪ್ರತಿಯನ್ನು ಮಾತ್ರ ಅವರು ಮುಟ್ಟಲಿಲ್ಲ. ನಾನೇ ತೆಗೆದುಕೊಂಡು ಹೋಗಿ ಮುಂದಿಟ್ಟೆ. "ಇದು ನಿನ್ನದವಾ. ತಪ್ಪು ಮಾಡಿದವ್ರು ತಮ್ಮ ಪೀಸ್ ತಾವ ರಿವರ್ಕ್ ಮಾಡಬೇಕು. ಫ್ಯಾಕ್ಟರಿ ಪದ್ಧತಿ" ಎಂದು ಹಿಂದಕ್ಕೆ ತಳ್ಳಿದರು. ನಾಳೆ ಬರೆದರಾಯಿತು ಎಂದುಕೊಂಡೆ. ಆ ನಾಳೆಗೆ ಎರಡು ವರ್ಷವಾಯಿತು. ಕಳೆದ ತಿಂಗಳು ಒಂದು ಬೆಳಿಗ್ಗೆ, ವಾಕಿಂಗಿಗೆ ಹೊರಡಲು ಬೂಟು ಕಟ್ಟುತ್ತಿದ್ದವರು ಹಾಗೆಯೇ ಕುಳಿತಲ್ಲೇ ಹೋದರು.

ಸಭೆ ಮುಗಿದ ಮರುದಿನ ಅವರ ಮಗಳು ಮನೆ ಖಾಲಿ ಮಾಡುತ್ತಿದ್ದಳು. ಸಹಾಯಕ್ಕೆ ಹೋದೆ. ಅಡುಗೆಮನೆಯ ಕಪಾಟಿನ ಹಿಂದೆ, ಗೋಡೆಗೊರಗಿ, ಒಂದು ಜೋಳದ ಹಿಟ್ಟಿನ ಬಟ್ಟೆ ಚೀಲ ಇತ್ತು. ಬಾಯಿಗೆ ಕಾಕೂ ಗಂಟು. ನಾನು ಮೊದಲು ನೋಡಿದ್ದು ಚೀಲದ ತಳ. ಕೊಯ್ದಿರಲಿಲ್ಲ. ಕವಿಗಾದರೂ ಹಸಿವಾಗಿತ್ತು, ನಮ್ಮ ಸಾಹೇಬರು ಆಕೆ ಹೋದ ಮೇಲೆ ರೊಟ್ಟಿಯನ್ನೇ ತಿಂದಿರಲಿಲ್ಲ. ಹಿಟ್ಟಿಗೆ ಹುಳ ಹಿಡಿದು ಬಟ್ಟೆಯ ಮೇಲೆ ಹರಿದಾಡುತ್ತಿದ್ದವು. ಗಂಟಿನ ಪಕ್ಕದಲ್ಲಿ ಒಂದು ಹಸಿರು ಚೀಟಿ ಅಂಟಿಸಿತ್ತು.

"ಆಂಟಿ, ಪಪ್ಪಾ ಇದನ್ನ ಯಾಕೆ ಇಟ್ರು? ಪೂರಾ ಖರಾಬ್ ಆಗಿದೆ. ಫೇಂಕ್ ದೂಂ?" ಎಂದಳು ಮಗಳು. ಎಸೆಯಲೇ ಎಂದು ಕೇಳಲೂ ಹಿಂದಿ; ಅವಳ ಕನ್ನಡ ಅಷ್ಟೇ. ಹಿಟ್ಟು ಸುರಿಯಲು ಗಂಟಿಗೆ ಕೈ ಹಾಕಿದಳು. ಬರಲಿಲ್ಲ. ಉಗುರು ಹಾಕಿದಳು. "ಮಮ್ಮಿ ಯಾವಾಗ್ಲೂ ಇಷ್ಟು ಟೈಟ್ ಕಟ್ತಿದ್ಲು" ಎಂದು ನಕ್ಕು, ಕತ್ತರಿ ತಂದು ಗಂಟಿನ ಕೆಳಗೆ ಹಿಡಿದಳು.

"ಅಲ್ಲಿ ಬೇಡಮ್ಮ. ತಳ ಕೊಯ್ಯಿ" ಎಂದೆ.

"ಕ್ಯೂಂ, ಆಂಟಿ?"

ಹೇಳಿದೆ. ಅವಳಿಗೆ ತಿಳಿಯಬೇಕೆಂದು ಆ ಎರಡು ಸಾಲನ್ನು ಹಿಂದಿಯಲ್ಲೇ ಹೇಳಿದೆ, ಸೂರತ್ತಿನ ಗಾದಿಯ ಮೇಲೆ ಕುಳಿತು ಶೇಠರು ಹೇಳಿದ ಹಾಗೆ. ಅವಳು ಕತ್ತರಿ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಆಮೇಲೆ ಚೀಲ ತಲೆಕೆಳಗು ಮಾಡಿ ತಳ ಕೊಯ್ದಳು. ಹಿಟ್ಟು ಎಲ್ಲ ಕಡೆ ಚೆಲ್ಲಿತು. ಮೆಥಡ್ ಸರಿ ಇಲ್ಲ ಎಂದು ಸಾಹೇಬರು ಅಂದದ್ದು ನಿಜವೇ. ಖಾಲಿ ಚೀಲವನ್ನು ಗಂಟಿನ ಸಮೇತ ಕೊಡವಿ, ಮಡಿಸಿ, ತನ್ನ ಬ್ಯಾಗಿನೊಳಗೆ ಇಟ್ಟುಕೊಂಡಳು.

ಮನೆಗೆ ಬಂದು ನನ್ನ ಪ್ರತಿಯನ್ನು ಹುಡುಕಿ ತೆಗೆದೆ. ದಂತವೈದ್ಯರ ಹಲ್ಲಿನ ಮೇಲೆ ಎರಡು ಸಾಲು ಬರೆದೆ. ಪಕ್ಕದಲ್ಲಿ ಸಹಿ, ತಾರೀಖು. ಸ್ಕೇಲು ಇಟ್ಟು ಎಣಿಸಿದೆ: ಹದಿನಾರು. ಹಸಿರು ಚೀಟಿ ಅಂಟಿಸುವ ಅಧಿಕಾರ ನನಗಿಲ್ಲ.